ಹೊಳಲ್ಕೆರೆಗೆ ಹೋಗಿ ವಿಚಾರಿಸಿ ಬಂದದ್ದು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗಾರೆ ಕೆಲಸ ಕಲಿತು, ಚಿತ್ರದುರ್ಗದಲ್ಲಿ ಬೇರೆಯವರ ಮನೆಗಳನ್ನು ಕಟ್ಟಿಕೊಡುತ್ತಲೇ, ನನ್ನ ಹಿತ್ತಲಿನಲ್ಲಿ ಬಾಡಿಗೆಗೆಂದು ಎರಡು ಸಣ್ಣ ಮನೆ ಎಬ್ಬಿಸಿದೆ. ಕಲ್ಲು ಹೊತ್ತದ್ದೂ ನಾನೇ, ಗಿಲಾವು ಮಾಡಿದ್ದೂ ನಾನೇ. ಅದರೊಳಗೆ ಯಾರನ್ನು ಬಿಡುವುದು ಎನ್ನುವುದರಲ್ಲಿ ಬಲು ಬಿಗಿ ಇದ್ದೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಉಳಿದ ಮಾಲೀಕರು ಜಾತಿಯೊಂದನ್ನೇ ಕೇಳಿ ಬೀಗದ ಕೈ ಕೊಡುತ್ತಿದ್ದರು. ನಾನು ಹಾಗಲ್ಲ. ಬಂದವನು ಮೊದಲು ಇದ್ದ ಮನೆಗೂ ಅವನ ಕೆಲಸದ ಜಾಗಕ್ಕೂ ನಾನೇ ಖುದ್ದಾಗಿ ಹೋಗಿ ಕೇಳುತ್ತಿದ್ದೆ. ಪೊಲೀಸರೂ ಇಷ್ಟು ವಿಚಾರಿಸುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದೆ.

ಹಾಗಿರುವಾಗ ಒಬ್ಬ ಮನೆ ಕೇಳಿಕೊಂಡು ಬಂದ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ಹಾಕುವವನು. ಮೂವತ್ತರ ಆಸುಪಾಸು, ಸಣಕಲು ಮೈ, ಒಗೆದ ಅಂಗಿ. ಹೋಟೆಲಿನ ಉಗ್ರಾಣದಲ್ಲೇ ಮಲಗುತ್ತಿದ್ದ. ಹೆಂಡತಿ ಮತ್ತು ಮಗು ರಾಮಗಿರಿಯಲ್ಲಿ ಅವಳ ತವರಿನಲ್ಲಿದ್ದರು.

"ಮನೆ ಸಿಕ್ಕಿದ್ರೆ ಅವ್ರನ್ನ ಕರ್ಕಂಡ್ ಬರ್ತೀನಿ ಮೇಸ್ತ್ರಿ. ಆರು ತಿಂಗ್ಳಾತು, ಮಗೀಗೆ ನನ್ನ ಮುಖಾನೇ ಮರ್ತೋಗೈತೆ," ಎಂದ.

ಹಿಂದೆ ಹೊಳಲ್ಕೆರೆಯಲ್ಲಿ ಇದ್ದೆ ಎಂದು ಮನೆಯ ಗುರುತು ಹೇಳಿದ. ಒಂದು ಸೋಮವಾರ ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತಿದೆ.

ಆ ಮನೆಯ ಒಡತಿ ಒಬ್ಬ ಅಜ್ಜಿ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ನಾನು ಬಂದ ಕಾರಣ ಕೇಳಿ ನಕ್ಕಳು.

"ಬಾಡಿಗೆಗೆ ಮನೆ ಕೊಡ್ತೀಯೋ, ಮಗಳನ್ನ ಕೊಡ್ತೀಯೋ? ಇಷ್ಟ್ ದೂರ ಬಂದೀಯಲ್ಲಪ್ಪ."

ಆಮೇಲೆ ಮನಸ್ಸು ಬಿಚ್ಚಿ ಹೇಳಿದಳು. ಒಳ್ಳೆಯವನು, ಜಗಳಗಂಟನಲ್ಲ, ಬಿಟ್ಟು ಹೋಗುವಾಗ ಮನೆಗೆ ಸುಣ್ಣ ಬಳಿದು ಹೋದ. ನಾನು ಏಳಬೇಕು ಎನ್ನುವಾಗ ದನಿ ತಗ್ಗಿಸಿದಳು.

"ಕ್ಷಯ ಆಗಿತ್ತು ಅವಂಗೆ. ಒಂದೂವರೆ ವರ್ಷ ಸರ್ಕಾರಿ ಆಸ್ಪತ್ರೇಲಿ ಸೂಜಿ ಹಾಕಿಸ್ಕಂಡ. ಈಗ ಪೂರ್ತಿ ವಾಸಿ ಆಗೈತೆ. ನನ್ನ ಮೊಮ್ಮಕ್ಕಳು ಅವನ ಜತೇಲೇ ಬೆಳೆದ್ವು, ಏನೂ ಆಗ್ಲಿಲ್ಲ. ಇದನ್ನ ನಿನ್ನ ಹೊಟ್ಟೇಲಿ ಇಟ್ಕಳಪ್ಪ. ಹೋಟ್ಲಾಗೆ ದುಡಿಯೋನು."

ತಲೆಯಾಡಿಸಿ ಬಂದೆ. ಆದರೆ ದಾರಿಯುದ್ದಕ್ಕೂ ನನ್ನ ಮಕ್ಕಳದೇ ಯೋಚನೆ. ಹಿತ್ತಲಿನ ಬಾವಿ ಒಂದೇ, ಹಗ್ಗವೂ ಒಂದೇ. ಚಿತ್ರದುರ್ಗದಲ್ಲಿ ಇಳಿದವನು ಮನೆಗೆ ಹೋಗಬಹುದಿತ್ತು. ವಿಚಾರಣೆ ಅರ್ಧಕ್ಕೆ ನಿಲ್ಲಿಸಿ ನನಗೆ ರೂಢಿಯಿಲ್ಲ. ನೆಟ್ಟಗೆ ಹೋಟೆಲಿಗೆ ಹೋದೆ.

ಮಾಲೀಕರು ಗಲ್ಲಾದ ಮೇಲಿದ್ದರು. "ಬರ್ರಿ ಮೇಸ್ತ್ರಿ, ಕುಂತ್ಕಳ್ರಿ," ಎಂದರು.

ಕೂರಲಿಲ್ಲ. "ನಿಮ್ಮ ದೋಸೆ ಹಾಕೋನಿಗೆ ಈಗ ಕೆಮ್ಮು ಹೆಂಗೈತೆ?" ಎಂದು ಕೇಳಿದೆ.

"ಯಾವ ಕೆಮ್ಮು?"

"ಕ್ಷಯ ಆಗಿತ್ತಂತಲ್ರಿ, ಹೊಳಲ್ಕೆರೇಲಿ."

ಬಿಲ್ಲು ಕೊಡಲು ನಿಂತಿದ್ದ ಇಬ್ಬರು ನನ್ನ ಕಡೆ ತಿರುಗಿದರು. ಒಬ್ಬ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದ. ಒಳಗೆ ಹೆಂಚಿನ ಮೇಲೆ ನೀರು ಚಿಮುಕಿಸಿದ ಚುಯ್ ಸದ್ದು ಕೇಳಿತು.

ಮರುದಿನ ಬೆಳಿಗ್ಗೆ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆಗಂಟು. ಕೆಲಸದಿಂದ ತೆಗೆದಿದ್ದರು. ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ.

"ಡಾಕ್ಟ್ರು ಬರ್ಕೊಟ್ಟಿದ್ದು. ಓದ್ರಿ."

ಚೀಟಿ ಇಂಗ್ಲಿಷಿನಲ್ಲಿತ್ತು. ನನಗೆ ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ಒಂದಷ್ಟು ಹೊತ್ತು ನೋಡಿ ವಾಪಸು ಕೊಟ್ಟೆ.

"ನೀವು ಮನೆ ಕೊಡೋದು ಬ್ಯಾಡ. ಒಂದ್ಸಲ ಬಂದು ಸಾವ್ಕಾರ್ರಿಗೆ ಹೇಳ್ರಿ, ಬೇರೆ ಯಾರ್ದೋ ವಿಷ್ಯ ಅಂತ," ಎಂದ.

"ಸುಳ್ಳು ಹೇಳಿ ನಂಗೆ ಅಭ್ಯಾಸ ಇಲ್ಲ."

"ಹಂಗಾದ್ರೆ ನಿಜಾನೇ ಹೇಳ್ರಿ. ವಾಸಿ ಆಗೈತೆ ಅಂತ್ಲೂ ಅಜ್ಜಿ ಹೇಳಿರ್ತಾಳಲ್ಲ. ಅದನ್ನ ಹೇಳಿದ್ರಾ?"

ನಾನು ಹೇಳಿರಲಿಲ್ಲ. ಹೇಳಬಾರದು ಎಂದಲ್ಲ, ಆ ಮಾತು ಬಾಯಿಗೇ ಬಂದಿರಲಿಲ್ಲ. ಅದನ್ನು ಅವನ ಮುಂದೆ ಒಪ್ಪಿಕೊಳ್ಳಲು ಆಗದೆ, "ನೋಡಾಣ, ಸಂಜೆ ಆ ಕಡೆ ಬರ್ತೀನಿ," ಎಂದೆ. ಅವನು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಸಂಜೆಯವರೆಗೆ ಹೋಟೆಲಿನ ಎದುರು ಕಟ್ಟೆಯ ಮೇಲೆ ಕಾದಿದ್ದನಂತೆ. ಆ ಸಂಜೆ ಕೆಲಸ ಬೇಗ ಮುಗಿದಿತ್ತು. ಬಾಡಿಗೆಗೆ ಮನೆ ಕೇಳಲು ಬಂದವನು ಕರೆದನೆಂದು, ಅಷ್ಟು ಜನರೆದುರು ನನ್ನ ಮಾತನ್ನು ನಾನೇ ತಿದ್ದಿಕೊಳ್ಳುವುದೇ ಎಂದುಕೊಂಡು ಬೇರೆ ದಾರಿಯಲ್ಲಿ ಮನೆಗೆ ಬಂದೆ.

ಅವನು ಕೇಳಿದ್ದ ಮನೆಗೆ ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಬಾಡಿಗೆಗೆ ಬಂದರು. ಅವರ ಬಗ್ಗೆಯೂ ವಿಚಾರಿಸಿದೆ, ಎಲ್ಲ ಸರಿಯಿತ್ತು.

ಮರುವರ್ಷ ಬೇಸಿಗೆಯಲ್ಲಿ ದಾವಣಗೆರೆಗೆ ಹೊರಟಿದ್ದೆ. ಭರಮಸಾಗರ ದಾಟಿದ ಮೇಲೆ ಬಸ್ಸಿನ ಇಂಜಿನ್ ಕಾದು ನಿಂತಿತು. ರಸ್ತೆ ಬದಿಯಲ್ಲಿ ಗಂಡಸರು, ಹೆಂಗಸರು ಸಾಲಾಗಿ ಕೂತು ಜಲ್ಲಿ ಒಡೆಯುತ್ತಿದ್ದರು. ಅವರಲ್ಲಿ ಅವನಿದ್ದ. ಮೂಗು ಬಾಯಿಗೆ ಟವೆಲು ಸುತ್ತಿಕೊಂಡಿದ್ದ, ಹುಬ್ಬೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಒಡೆಯುತ್ತಿದ್ದವಳು ಹೆಂಡತಿಯೇ ಇರಬೇಕು. ಅವನು ಎರಡು ಏಟು ಹಾಕುವುದು, ಸುತ್ತಿಗೆ ಕೆಳಗಿಟ್ಟು ಎದೆ ಹಿಡಿದುಕೊಂಡು ಕೆಮ್ಮುವುದು, ಮತ್ತೆ ಎತ್ತುವುದು. ಕಲ್ಲಿನ ಪುಡಿ ಗಟ್ಟಿ ಎದೆಯವರನ್ನೇ ಏನು ಮಾಡುತ್ತದೆ ಎಂದು ನನ್ನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಡ್ರೈವರು ಕೆರೆಯಿಂದ ನೀರು ತರಿಸಿ ಹೊಯ್ಯುವವರೆಗೆ ಬಸ್ಸು ನಿಂತೇ ಇತ್ತು. ಬೀಡಿ ಸೇದುವವರೆಲ್ಲ ಇಳಿದರು, ಹೆಂಗಸರೂ ಇಳಿದು ಮರದ ನೆರಳಿಗೆ ಹೋದರು. ನಾನೊಬ್ಬನೇ ಒಳಗೆ ಕೂತಿದ್ದೆ.