ಹೆರಾಲ್ಡಿನ ಹಾರನ್

ಹೋದ ಭಾನುವಾರ ದೇವನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಸರದಿಗೆ ಕಾಯುತ್ತಾ ಕೂತಿದ್ದೆವು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಬರೀ ಪೆಟ್ರೋಲಿನದಲ್ಲ, ಬಿಸಿಲಿಗೆ ಕಾದ ಹಳೆಯ ರೆಕ್ಸಿನ್ ಸೀಟಿನದು. ತಿರುಗಿ ನೋಡಿದರೆ ಪಕ್ಕದ ಸಾಲಿನಲ್ಲಿ ಕೆನೆ ಬಣ್ಣದ ಹಳೆಯ ಪದ್ಮಿನಿ ಕಾರು, ನಿನ್ನೆ ತಾನೇ ಕೊಂಡಂತೆ ಹೊಳೆಯುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ನನ್ನ ಯಜಮಾನರು ಮಾತ್ರ ಪಂಪಿನ ಮೇಲೆ ಓಡುವ ಅಂಕಿಗಳನ್ನೇ ನೋಡುತ್ತಿದ್ದರು. ಕತ್ತು ತಿರುಗಿಸಲಿಲ್ಲ.

ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಮ್ಮವರನ್ನು ಬಲ್ಲವರು ಕೇಳುವುದಿಲ್ಲ. ಹಳೆಯ ಕಾರು ಕಂಡರೆ ಅವರಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ದಾಬಸ್‌ಪೇಟೆಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಗಾಡಿ ಬದಿಗೆ ಹಾಕಿ, ಆಚೆ ಕಡೆ ಹೋದ ಯಾವುದೋ ಕಾರಿನ ಹಿಂಭಾಗವನ್ನು ನೋಡುತ್ತಾ ನಿಲ್ಲುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಒಂದು ಮದುವೆಗೆ ಹೊರಟವರು ಮಗ್ಗದ ಶೆಡ್ಡಿನ ಹಿಂದೆ ಟಾರ್ಪಾಲು ಹೊದ್ದ ಅಂಬಾಸಿಡರ್ ಕಂಡು ಇಳಿದರು. ಶೆಡ್ಡಿನ ಯಜಮಾನ ಖುಷಿಯಾಗಿ ಕಾಫಿ ತರಿಸಿದ. ನಾನು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾರಿನೊಳಗೆ ಬೇಯುತ್ತಿದ್ದೆ. ಧಾರೆ ಮುಗಿದ ಮೇಲೆ ಊಟಕ್ಕೆ ಮಾತ್ರ ಸರಿಯಾಗಿ ತಲುಪಿದೆವು. ಎಲ್ಲರೆದುರು ನಗುನಗುತ್ತಾ ಹೇಳಿಕೊಳ್ಳುತ್ತಿದ್ದೆನಾದರೂ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಜನ ಏನೆಂದುಕೊಳ್ಳುತ್ತಾರೋ ಎಂಬುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ.

ಜಡಿಗೇನಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮನೆ. ಹೊಸಕೋಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವರ ಬಳಿ ಆಕಾಶನೀಲಿ ಬಣ್ಣದ ಪುಟ್ಟ ಹೆರಾಲ್ಡ್ ಕಾರಿತ್ತು. ದನದ ಕೊಟ್ಟಿಗೆಯ ಪಕ್ಕ, ರಾಗಿ ಹುಲ್ಲಿನ ಮೆದೆಯ ನೆರಳಲ್ಲಿ ಅದರ ಠಿಕಾಣಿ. ನಾವು ಹೋದಾಗಲೆಲ್ಲ ಮಾವ ಅಳಿಯ ಇಬ್ಬರೂ ಅದರ ಬಾನೆಟ್ ಎತ್ತಿ ಬಗ್ಗಿ ನಿಂತುಬಿಡುತ್ತಿದ್ದರು. ಊಟಕ್ಕೆ ಕರೆದೂ ಕರೆದೂ ದೊಡ್ಡಮ್ಮನ ಗಂಟಲು ಒಣಗುತ್ತಿತ್ತು.

ದೊಡ್ಡಪ್ಪ ತೀರಿಕೊಂಡ ಮೂರನೆಯ ದಿನ, ಹಾಲು-ತುಪ್ಪ ಬಿಟ್ಟು ಬಂದು ಹೆಂಗಸರೆಲ್ಲ ನಡುಮನೆಯಲ್ಲಿ ದೊಡ್ಡಮ್ಮನ ಸುತ್ತ ಕೂತಿದ್ದೆವು. ಗಂಡಸರು ಜಗಲಿಯ ಮೇಲಿದ್ದರು. ಆಗ ಹಿತ್ತಲಿನಿಂದ ಕಾರಿನ ಹಾರನ್ ಕೂಗಿತು. ಒಂದೇ ಸಲ, ಆದರೆ ಉದ್ದಕ್ಕೆ. ದೊಡ್ಡಮ್ಮ ಬೆಚ್ಚಿ ತಲೆ ಎತ್ತಿದರು.

"ಯಾರದು?"

ಬಾಗಿಲಲ್ಲಿದ್ದ ಅವರ ಸೊಸೆ ಇಣುಕಿ ನೋಡಿ ಬಂದಳು. "ದೇವನಹಳ್ಳಿ ಭಾವ, ಅತ್ತೆ. ಗಾಡಿ ಒಳಗೆ ಕೂತವ್ರೆ." ಆಮೇಲೆ ಯಾರಿಗೋ ಹೇಳುವಂತೆ ಸೇರಿಸಿದಳು, "ತಗೊಂಡು ಹೋಗಕ್ಕೆ ನೋಡ್ತಾವ್ರೇನೋ."

ಎಲ್ಲರೂ ನನ್ನ ಕಡೆ ತಿರುಗಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ದೊಡ್ಡಮ್ಮ ಮತ್ತೆ ತಲೆ ತಗ್ಗಿಸಿದರು. ಅದು ಸಿಟ್ಟೇ ಎಂದು ನಾನು ತೀರ್ಮಾನಿಸಿದೆ.

ವಾಪಸು ಬರುವಾಗ ಹೊಸಕೋಟೆ ದಾಟುವವರೆಗೂ ಬಾಯಿ ಬಿಗಿಹಿಡಿದಿದ್ದವಳು ಆಮೇಲೆ ಬಿಡಲಿಲ್ಲ. "ಸಾವಿನ ಮನೇಲಿ ಹೋಗಿ ಕಾರಲ್ಲಿ ಕೂತ್ಕೊಂಡು ಹಾರನ್ ಹೊಡೀತೀರಲ್ಲ, ಜನ ನೋಡ್ತಾರೆ ಅನ್ನೋ ಜ್ಞಾನ ಬೇಡ್ವಾ ನಿಮಗೆ? ಇನ್ಮೇಲೆ ನಾನು ಜೊತೇಲಿರುವಾಗ ಯಾವ ಕಾರಿನ ಕಡೆಗೂ ನೋಡ್ಬೇಡಿ."

"ಕೈ ತಗುಲ್ತು ಕಣೇ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆಯ್ತು, ನೋಡಲ್ಲ," ಎಂದರು.

ಅವರು ಮಾತಿಗೆ ತಪ್ಪುವ ಮನುಷ್ಯರಲ್ಲ. ಅದೇ ಈಗ ನನಗೆ ಶಿಕ್ಷೆ.

ಹನ್ನೊಂದನೆಯ ದಿನದ ತಿಥಿಗೆ ಅವರನ್ನು ಮನೆಯಲ್ಲೇ ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿ ಹೋದೆ. ಎಲೆ ಎತ್ತಿದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಹೆರಾಲ್ಡನ್ನು ಯಾರೋ ತೊಳೆದಿದ್ದರು. ಸೀಟಿನ ಮೇಲೆ ಒಗೆದ ಟವೆಲ್ಲು ಹಾಸಿತ್ತು.

"ಅಳಿಯಂದ್ರು ಬರ್ಲಿಲ್ವಾ?"

"ಆಫೀಸಲ್ಲಿ ರಜ ಸಿಗಲಿಲ್ಲ ದೊಡ್ಡಮ್ಮ," ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು.

"ಬರ್ತಾರೆ ಅಂತ ನಾನೇ ತೊಳೆದಿಟ್ಟಿದ್ದೆ. ನಿಮ್ಮ ದೊಡ್ಡಪ್ಪ ದಿನಾ ಅಂಗಡಿಯಿಂದ ಬರೋವಾಗ ಊರ ತಿರುವಲ್ಲಿ ಹಾರನ್ ಹೊಡೀತಿದ್ರು. ಅದು ಕೇಳಿದ ತಕ್ಷಣ ನಾನು ಮುದ್ದೆಗೆ ಎಸರಿಡ್ತಿದ್ದೆ. ಅವತ್ತು ಕೇಳಿಸ್ತಲ್ಲ, ಒಂದು ಗಳಿಗೆ ಎದ್ದೇಬಿಡೋಣ ಅನ್ನಿಸ್ತು ಕಣಮ್ಮ. ಪಾಪ, ಅಳಿಯಂದ್ರಿಗೂ ಅವರ ಜೊತೆ ಮಾತುಕತೆ ಎಲ್ಲ ಈ ಗಾಡೀಲೇ ಅಲ್ವಾ. ಬಂದ್ರೆ ಇನ್ನೊಂದು ಸಲ ಹೊಡೀರಿ ಅನ್ನೋಣ ಅಂತಿದ್ದೆ. ಕಳಿಸ್ತೀಯಾ?"

"ಕಳಿಸ್ತೀನಿ," ಎಂದೆ.

ಕಳಿಸಲಿಲ್ಲ. ಹೇಳಲೂ ಇಲ್ಲ. ಹೇಳಿದರೆ ಅಂದು ಕಾರಿನಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತಲ್ಲ. ಜಗಲಿಯ ಮೇಲೆ ನಾಲ್ಕು ಜನರ ಮಧ್ಯೆ ಅಳಲಾರದ ಮನುಷ್ಯ ಆ ಕಾರಿನೊಳಗೆ ಹೋಗಿ ಕೂತಿದ್ದರೆಂದು ಹೆಂಡತಿಯಾದ ನನಗೆ ಹೊಳೆದಿರಲಿಲ್ಲ. ಮೂರು ದಿನದಿಂದ ಅಳುತ್ತಿದ್ದ ದೊಡ್ಡಮ್ಮನಿಗೆ ಹೊಳೆದಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಹಾಗಾಗಿ ಬಂಕಿನಲ್ಲಿ ಮೊದಲು ಮಾತಾಡಿದ್ದು ನಾನೇ. "ರೀ, ಪದ್ಮಿನಿ ಅಲ್ವಾ ಅದು? ಇಳಿದು ನೋಡ್ಕೊಂಡು ಬನ್ನಿ."

"ಬೇಡ ಬಿಡು, ಜನ ನೋಡ್ತಾರೆ," ಎಂದರು. ಕೊಂಕು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎಲ್ಲವನ್ನೂ ಅಲ್ಲೇ ಹೇಳಿಬಿಟ್ಟೆ. ದೊಡ್ಡಮ್ಮ ತೊಳೆದಿಟ್ಟಿದ್ದು, ಕೇಳಿದ್ದು, ನಾನು ಹೇಳಿದ ಸುಳ್ಳು. ಹಿಂದಿನ ಗಾಡಿಯವನು ಹಾರನ್ ಹೊಡೆದಾಗ ಅವರು ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟು ಕೇಳಿದರು.

"ಎಷ್ಟು ದಿನ ಆಯ್ತು?"

"ಏಳೆಂಟು ತಿಂಗಳು."

"ಬ್ಯಾಟ್ರಿ ಸತ್ತಿರುತ್ತೆ," ಎಂದರು. ಬೈಯಲಿಲ್ಲ. ಮನೆಯ ಕಡೆ ತಿರುಗಿಸಬೇಕಾದ ಗಾಡಿಯನ್ನು ಸೂಲಿಬೆಲೆ ರಸ್ತೆಗೆ ಹಾಕಿದರು.

ಹೊಸಕೋಟೆಯಲ್ಲಿ ಹೆರಾಲ್ಡಿಗೆಂದು ಹೊಸ ಬ್ಯಾಟರಿ ಕೊಂಡೆವು. ಅದನ್ನು ಕಾಲ ಬಳಿ ಇಟ್ಟುಕೊಂಡು, ಒಂದಾದರೂ ಹಳೆಯ ಕಾರು ಕಾಣಲಿ, ಅವರಿಗೆ ತೋರಿಸೋಣ ಎಂದು ರಸ್ತೆಯ ಎರಡೂ ಬದಿ ಹುಡುಕುತ್ತಾ ಕೂತಿದ್ದೆ. ಜಡಿಗೇನಹಳ್ಳಿಯ ತಿರುವು ಬರುವವರೆಗೂ ಒಂದೂ ಸಿಗಲಿಲ್ಲ. ಅವರು ನೇರ ರಸ್ತೆಯನ್ನೇ ನೋಡುತ್ತಿದ್ದರು.