ಫೆನ್ನಾಳ ಹಳೆ ಫೋನು

ಫೆನ್ನಾಳ ಫೋನು ಮೊದಲ ಸಲ ಕೈಕೊಟ್ಟದ್ದು ನವೆಂಬರಿನಲ್ಲಿ. ಅದನ್ನು ಕಂಡವಳು ನಾನೊಬ್ಬಳೇ.

ಸಮುದ್ರ ಇಳಿದಿತ್ತು. ನಾವಿಬ್ಬರೂ ಸಿಂಪಿ ಆರಿಸಲು ಕೆಸರುಬಯಲಿಗೆ ಹೋಗಿದ್ದೆವು. ಅವಳು ದಾರಿ ನೋಡಲು ಫೋನು ತೆಗೆದಳು. ಬ್ಯಾಟರಿ ಅರ್ಧ ತುಂಬಿದೆ ಎಂದು ತೋರಿಸುತ್ತಿದ್ದ ಫೋನು, ಚಳಿ ತಾಕಿದ್ದೇ ತಡ, ಕಪ್ಪಾಯಿತು. ಅವಳು ಅದನ್ನು ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ನಿಂತಳು. ಐದು ನಿಮಿಷಕ್ಕೆ ಮತ್ತೆ ಬೆಳಕು ಬಂತು.

"ಯಾರಿಗೂ ಹೇಳ್ಬೇಡ ಮಿಂಕೆ," ಅಂದಳು.

ನಾನು ಹೇಳಲಿಲ್ಲ.

ಫೆನ್ನಾಗೆ ಐವತ್ತೆಂಟು. ನಮ್ಮ ತೀರದಿಂದ ದ್ವೀಪದವರೆಗೆ, ಇಳಿತದ ಹೊತ್ತಿನಲ್ಲಿ, ಕೆಸರಿನ ಮೇಲೆ ಜನರನ್ನು ನಡೆಸಿಕೊಂಡು ಹೋಗುವ ಹನ್ನೆರಡು ಮಾರ್ಗದರ್ಶಿಗಳಲ್ಲಿ ಅವಳೇ ಹಿರಿಯಳು. ನಾನು ಸಮುದ್ರದ ಒಡ್ಡಿನ ಕೆಳಗೆ ಸಣ್ಣ ಅಂಗಡಿ ಇಟ್ಟುಕೊಂಡು ನಡೆಯುವವರಿಗೆ ಬೂಟು ಬಾಡಿಗೆಗೆ ಕೊಡುತ್ತೇನೆ, ಕಾಫಿ ಮಾಡುತ್ತೇನೆ. ಆ ಬಯಲಿನಲ್ಲಿ ನೀರಿನ ಕಾಲುವೆಗಳಿವೆ. ದೊಡ್ಡ ಗಾಳಿ ಬೀಸಿದಾಗಲೆಲ್ಲ ಅವು ಜಾಗ ಬದಲಿಸುತ್ತವೆ. ಮೊದಲೆಲ್ಲ ಮಾರ್ಗದರ್ಶಿಗಳು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಕಾಲುವೆ ಎತ್ತ ಸರಿದಿದೆ ಎಂದು ಜಗಳವಾಡುತ್ತಿದ್ದರು. ಈಗ ಮೊದಲು ಹೋದವರು ಫೋನಿನ ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ, ಅದು ಎಲ್ಲರ ಫೋನಿಗೂ ತಲುಪುತ್ತದೆ. ಬೆಂಚಿನ ಮೇಲೆ ಮಾತು ನಿಂತುಹೋಗಿದೆ.

ಮಾರ್ಚಿನಲ್ಲಿ ಫೋನು ಎರಡನೆಯ ಸಲ ಆರಿತು. ಅದೇ ತಿಂಗಳು ನನ್ನ ಅಂಗಡಿಯಲ್ಲಿ ಮಾರ್ಗದರ್ಶಿಗಳ ಸಂಘದ ಸಭೆ. ಕಾರ್ಯದರ್ಶಿ ಡೌವೆ ಒಂದು ಕಾಗದ ಹಂಚಿದ. ತಿಂಗಳಿಗಿಷ್ಟು ಚಂದಾ ಕಟ್ಟಿದರೆ ಸಾಕು, ಕಂಪನಿಯೇ ಫೋನು ಕೊಡುತ್ತದೆ. ಒಡೆದರೆ ಮರುದಿನವೇ ಬೇರೆಯದು. ವರ್ಷಕ್ಕೊಮ್ಮೆ ಹಳೆಯದನ್ನು ಒಯ್ದು ಹೊಸ ಮಾದರಿ ಇಟ್ಟುಹೋಗುತ್ತದೆ.

"ನನ್ನದು ಅಂತ ಯಾವುದೂ ಇರಲ್ಲ, ಅಲ್ವಾ?" ಫೆನ್ನಾ ಕೇಳಿದಳು.

"ನಿಂದು ಅಂತ ಇದೆಯಲ್ಲ, ಅದನ್ನ ಮ್ಯೂಸಿಯಮ್ಮಿನವರು ಕೇಳ್ತಿದಾರೆ," ಅಂದ ಹಿಲ್ಕೆ. ಅವಳ ಜೊತೆಯಲ್ಲೇ ಹದಿನೈದು ವರ್ಷ ನಡೆದವನು ಅವನು. ಎಲ್ಲರೂ ನಕ್ಕರು.

"ನಗಿ, ನಗಿ. ಆರು ವರ್ಷ ಬಂದಿದೆ. ಬ್ಯಾಟರಿ ನಾನೇ ಬಿಚ್ಚಿ ಹಾಕಿದೀನಿ. ಬದಲಾಯಿಸೋ ಹೊತ್ತು ಬಂದಾಗ ಬದಲಾಯಿಸ್ತೀನಿ."

"ಆ ಹೊತ್ತು ಬಂದದ್ದು ನಿಂಗೆ ಹೇಗೆ ಗೊತ್ತಾಗುತ್ತೆ?" ಡೌವೆ ಕೇಳಿದ.

ಅವಳು ನನ್ನ ಕಡೆ ನೋಡಲಿಲ್ಲ. ನಾನು ಲೋಟ ತೊಳೆಯುತ್ತ ಇದ್ದೆ.

ಹನ್ನೊಂದು ಮಂದಿ ಸಹಿ ಹಾಕಿದರು. ಅವಳು ಹಾಕಲಿಲ್ಲ. ಆ ವರ್ಷ ಫೆನ್ನಾ ಮುಂದೆ ನಡೆಯುವಂತಿಲ್ಲ, ಗುಂಪಿನ ಕೊನೆಯಲ್ಲಿ ಮಾತ್ರ ಎಂದು ಸಂಘ ತೀರ್ಮಾನಿಸಿತು.

ಮೇ ತಿಂಗಳ ಮೂರನೆಯ ವಾರ ಜೋರು ಗಾಳಿ ಬೀಸಿತು. ಸೋಮವಾರ ಫೆನ್ನಾ ಒಬ್ಬಳೇ ಹೋಗಿ ಹೊಸ ಗೆರೆ ಎಳೆದು ಬಂದಳು. ಕಾಲುವೆ ಪೂರ್ವಕ್ಕೆ ಇನ್ನೂರು ಹೆಜ್ಜೆ ಸರಿದಿತ್ತು. ಗುರುವಾರ ಸಂಜೆ ಹಿಲ್ಕೆಯ ಮನೆಗೆ ಚಂದಾ ಫೋನು ಬಂತು. ಹಳೆಯದರಲ್ಲಿ ಇದ್ದದ್ದೆಲ್ಲ ಅದರಲ್ಲೂ ಇದೆ ಎಂದು ಅವನು ನಂಬಿದ. ಶುಕ್ರವಾರ ಬೆಳಿಗ್ಗೆ ಹದಿನಾಲ್ಕು ಜನರನ್ನು ಕರೆದುಕೊಂಡು ಹೊರಟೆವು. ಹಿಲ್ಕೆ ಮುಂದೆ, ಫೆನ್ನಾ ಕೊನೆಗೆ, ಅವಳ ಪಕ್ಕ, ಅಂಗಡಿ ಮುಚ್ಚಿ ಬಂದ ನಾನು. ಕಾಲುವೆಯ ಬಗ್ಗೆ ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರ ಫೋನಿನಲ್ಲೂ ಇದೆಯಲ್ಲ.

ಒಂದು ಗಂಟೆ ನಡೆದ ಮೇಲೆ ಮಂಜು ಇಳಿಯಿತು. ಹಿಂದೆ ತಿರುಗಿದರೆ ಒಡ್ಡಿಲ್ಲ, ಮುಂದೆ ದ್ವೀಪವಿಲ್ಲ. ಹಕ್ಕಿಗಳ ಕೂಗೂ ನಿಂತಿತು. ಫೆನ್ನಾ ಫೋನು ತೆಗೆದು ನೋಡಿದವಳು ನನ್ನ ತೋಳು ಹಿಡಿದಳು.

"ಎಡಕ್ಕೆ ಬಂದ್ಬಿಟ್ಟಿದೀವಿ. ಇದು ಹಳೆ ದಾರಿ."

ಕೊನೆಯಲ್ಲಿ ನಡೆಯುವವರು ಮುಂದಿನವರಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಗುಂಪು ಹೆದರಿದರೆ ಚದುರುತ್ತದೆ, ಚದುರಿದರೆ ಮುಗಿಯಿತು. ಆದರೂ ಅವಳು ಸಾಲು ದಾಟಿ ಮುಂದೆ ಓಡಿದಳು. ನಾನೂ ಓಡಿದೆ.

"ನಿಲ್ಲು ಹಿಲ್ಕೆ. ಕಾಲುವೆ ಇಲ್ಲೇ ಇದೆ."

ಅವನು ಫೋನು ಚಾಚಿದ. ದೊಡ್ಡ ಪರದೆಯ ಮೇಲೆ ಹಸಿರು ಗೆರೆ, ಗೆರೆಯ ಮೇಲೆ ನಾವು. "ಸರಿಯಾಗೇ ಇದೀವಿ. ನಿಂದು ತೋರ್ಸು."

ಅವಳು ತೋರಿಸಲು ಎತ್ತಿದಳು. ಪರದೆ ಕಪ್ಪಾಗಿತ್ತು.

"ಈಗ ಹೇಳು ಮಾರಾಯ್ತಿ, ಯಾರನ್ನ ನಂಬ್ಲಿ?" ಅವನ ದನಿಯಲ್ಲಿ ಕುಹಕವಿರಲಿಲ್ಲ. ಹೆದರಿಕೆಯಿತ್ತು.

ಅವಳು ಅವನನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟು ಕೈಯಲ್ಲಿದ್ದ ಗಳ ಊರಿದಳು. ಅದು ತಡೆಯಿಲ್ಲದೆ ಹಿಡಿಯವರೆಗೂ ಇಳಿಯಿತು. ಕೆಳಗೆಲ್ಲೋ ನೀರು ಹರಿಯುವ ಸದ್ದು ನಮಗೆಲ್ಲ ಕೇಳಿಸಿತು.

ಮಂಜಿನಲ್ಲಿ ಗಳ ಊರುತ್ತ ನಿಧಾನವಾಗಿ ಹಿಂದಿರುಗಿದೆವು. ಉಬ್ಬರ ನಮ್ಮ ಹಿಂದೆಯೇ ಬಂತು. ಕೊನೆಯ ಅರ್ಧ ಮೈಲು ಸೊಂಟದ ನೀರಿನಲ್ಲಿ ಕೈ ಕೈ ಹಿಡಿದು ನಡೆದೆವು. ಒಡ್ಡು ಹತ್ತಿದಾಗ ಹದಿನಾಲ್ಕೂ ಜನ ಇದ್ದರು.

ಅಂಗಡಿಯಲ್ಲಿ ಹಿಲ್ಕೆ ಮೇಜಿನ ಮೇಲೆ ಇಟ್ಟ ಫೋನು ಒಮ್ಮೆ ನಡುಗಿತು. ಕಾಫಿ ಇಡಲು ಬಾಗಿದ್ದ ನಾನು ನೋಡಿದೆ. ನಕ್ಷೆ ಒಂದು ಕ್ಷಣ ಮಸುಕಾಗಿ ತಿಳಿಯಾಯಿತು. ಹಸಿರು ಗೆರೆ ಪೂರ್ವಕ್ಕೆ ಸರಿದಿತ್ತು. ಹೊಸ ಫೋನಿಗೆ ಆ ವಾರದ ಗೆರೆ ಆಗ ತಾನೇ ಬಂದಿತ್ತು. ಹಿಲ್ಕೆಯೂ ನೋಡಿದ. ಫೋನನ್ನು ಮಗುಚಿಟ್ಟ.

ಮರುವಾರ ಸಭೆ. ಫೆನ್ನಾ ತಾನೇ ಎದ್ದು ನಿಂತಳು. "ಬೇಕಾದಾಗ ಬದಲಾಯಿಸ್ತೀನಿ ಅಂದಿದ್ದೆ. ಬೇಕಾದ ದಿನ ನವೆಂಬರಿನಲ್ಲೇ ಬಂದಿತ್ತು, ಮಿಂಕೆಯ ಎದುರೇ ಫೋನು ಆರಿತ್ತು. ನಾನು ಒಪ್ಕೊಳ್ಳಲಿಲ್ಲ. ತಪ್ಪು ನಂದು. ಆದ್ರೆ ಹಿಲ್ಕೆಯ ಗೆರೆಯೂ ತಪ್ಪಿತ್ತು."

"ಎಲ್ಲಿ, ತೋರ್ಸಪ್ಪ," ಅಂದ ಡೌವೆ.

ಹಿಲ್ಕೆ ತೋರಿಸಿದ. ಗೆರೆ ಸರಿಯಾಗಿತ್ತು.

"ಅವತ್ತು ಹಾಗಿರಲಿಲ್ಲ, ನಾನೇ ಕಂಡಿದೀನಿ," ನಾನು ಅಂದೆ.

"ನವೆಂಬರಲ್ಲೂ ಕಂಡಿದ್ಯಲ್ಲ ಮಿಂಕೆ. ಆಗ ಯಾಕೆ ಸುಮ್ನಿದ್ದೆ?" ಡೌವೆ ಕೇಳಿದ.

ನಾನು ಹಿಲ್ಕೆಯ ಕಡೆ ತಿರುಗಿದೆ. ಹಿಲ್ಕೆ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

ಫೆನ್ನಾ ಪೇಟೆಗೆ ಹೋಗಿ ಪೂರ್ತಿ ಹಣ ಕೊಟ್ಟು ತನ್ನದೇ ಒಂದು ಹೊಸ ಫೋನು ತಂದಳು. ಸಂಘ ಅದನ್ನು ಒಪ್ಪಲಿಲ್ಲ. ಪಟ್ಟಿಯಿಂದ ಅವಳ ಹೆಸರು ತೆಗೆಯಿತು.

ಆಗಸ್ಟಿನಲ್ಲಿ ಕಂಪನಿಯ ಕಾಗದ ಬಂತು. ಸಂಘಕ್ಕೆ ಮೆಚ್ಚುಗೆಯಾಗಿ ಈ ಸಲ ವರ್ಷ ತುಂಬುವ ಮೊದಲೇ ಹೊಸ ಮಾದರಿ, ಹನ್ನೊಂದೂ ಒಂದೇ ದಿನ. ಫೋನು ಬರಬೇಕಿದ್ದ ವಾರ ಸೋಮವಾರ, ಮಂಗಳವಾರ ಗಾಳಿ ಬೀಸಿತ್ತು. ಶುಕ್ರವಾರ, ಮೇ ತಿಂಗಳಲ್ಲಿ ಹಿಲ್ಕೆಯದು ಬಂದಂತೆ ಹೊರಡುವ ಹಿಂದಿನ ದಿನವೇ, ಫೋನುಗಳು ಬಂದವು. ಶನಿವಾರ ಮೂರು ಗುಂಪು ಹೊರಡುವುದಿತ್ತು.

ಬೆಳಿಗ್ಗೆ ಫೆನ್ನಾ ಅಂಗಡಿಗೆ ಬಂದು ಬೆಂಚಿನ ಹತ್ತಿರ ನಿಂತು ಒಬ್ಬೊಬ್ಬರನ್ನೂ ಕೇಳಿದಳು. "ಕಾಲುವೆ ಎಲ್ಲಿದೆ?"

ಅವರು ನಕ್ಕು ಫೋನು ತೋರಿಸಿದರು.

"ಎಲ್ಲದರಲ್ಲೂ ಒಂದೇ ಗೆರೆ," ಅವಳು ನನ್ನ ಕಿವಿಯಲ್ಲಿ ಅಂದಳು. "ತಪ್ಪಿದ್ರೂ ಒಂದೇ ತಪ್ಪು. ಒಬ್ರದ್ದು ಇನ್ನೊಬ್ರನ್ನ ತಿದ್ದಲ್ಲ."

ಹಿಲ್ಕೆ ಬಾಗಿಲಲ್ಲಿ ಒಂದು ಕ್ಷಣ ನಿಂತ. ಅವಳನ್ನು ನೋಡಿ, ಟೋಪಿ ಸರಿಮಾಡಿಕೊಂಡು ಹೋದ. ಗುಂಪುಗಳು ಒಡ್ಡು ಇಳಿದವು. ದೂರದಲ್ಲಿ ಬೆಳ್ಳಗೆ ಮಂಜು ಏಳುತ್ತಿತ್ತು.

ಫೆನ್ನಾ ನನ್ನ ಬಳಿ ಒಂದು ಜೊತೆ ಬೂಟು ಕೇಳಿದಳು. ಬಾಡಿಗೆ ಬೇಡವೆಂದೆ. ಲೇಸುಗಳನ್ನು ಬಿಗಿದು ಕಟ್ಟಿ, ಗಳ ಎತ್ತಿಕೊಂಡು, ಯಾರೂ ಕರೆಯದ ಅವಳು ಕೊನೆಯ ಗುಂಪಿನ ಹಿಂದೆ ಕೆಸರಿಗಿಳಿದಳು. ಮಂಜು ಮೊದಲು ಅವರನ್ನು, ಆಮೇಲೆ ಅವಳನ್ನು ಮರೆಮಾಡಿತು. ಉಬ್ಬರಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು.