ದೇವಮ್ಮ ಬ್ಯಾಡ ಅಂದ ಕೂಸು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಗಂಗಾವತಿಯ ಒಂದು ಬಂಜೆತನ ಚಿಕಿತ್ಸಾ ಕೇಂದ್ರದಲ್ಲಿ ಕೌನ್ಸೆಲರ್. ಓದಿದ್ದು ಬಿ.ಎ., ಸೇರಿದ್ದು ರಿಸೆಪ್ಷನಿಸ್ಟ್ ಆಗಿ. ಐವಿಎಫ್ ಎಂದರೇನು ಎಂಬುದನ್ನು ಯೂಟ್ಯೂಬ್ ನೋಡಿ, ಡಾಕ್ಟರ್ ಮೇಡಂ ಅವರ ಹಳೇ ಪುಸ್ತಕ ಓದಿ, ಲ್ಯಾಬಿನವರ ತಲೆ ತಿಂದು ಕಲಿತೆ. ನಾನು ಪೇಷೆಂಟುಗಳಿಗೆ ಬಿಡಿಸಿ ಹೇಳುವುದನ್ನು ಕೇಳಿ ಮೇಡಂ ಆ ಕುರ್ಚಿ ಕೊಟ್ಟರು. ಗಂಡ ಹೆಂಡತಿಗೆ ಚಿಕಿತ್ಸೆಯನ್ನು ಅರ್ಥ ಮಾಡಿಸಿ, ಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುವುದು ನನ್ನ ಕೆಲಸ. ಖುಷಿಯಲ್ಲಿ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ದೇವಮ್ಮ ಬಂದದ್ದು ಆ ಬೇಸಿಗೆಯಲ್ಲಿ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು. ಜೊತೆಗೆ ಗಂಡ ಹನಮಪ್ಪ, ಅತ್ತೆ ಫಕೀರವ್ವ. ತಳಕಲ್ ಕಡೆಯವರು. ಹನಮಪ್ಪ ಶ್ರೀರಾಮನಗರದಲ್ಲಿ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಿದ್ದ.

“ಕೈಗೆ ಏನಾತ್ರೀ?” ಎಂದೆ.

“ನನ್ನ ಮಗಳ ಕುಬಸದಾಗ ಬಳಿ ಇಡಾಕ ಹೋಗಿದ್ಲು,” ಎಂದಳು ಫಕೀರವ್ವ. ಬಸುರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ ಅದು. “ಬಂಜಿ ಕೈಲೆ ಬಳಿ ಇಡಿಸ್ಕೊಂಡ್ರ ಬಸುರಿ ಗತಿ ಏನ? ಒನಕಿಲೆ ಒಂದ ಕೊಟ್ಟೆ.”

ಮಜ್ಜಿಗೆ ಹುಳಿಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ದೇವಮ್ಮ ನೆಲ ನೋಡುತ್ತಿದ್ದಳು.

ಪರೀಕ್ಷೆಯಲ್ಲಿ ದೇವಮ್ಮನ ಎರಡೂ ಗರ್ಭನಾಳ ಮುಚ್ಚಿರುವುದು ತಿಳಿಯಿತು. ಮಕ್ಕಳಾಗಬೇಕೆಂದರೆ ಐವಿಎಫ್ ಒಂದೇ ದಾರಿ. ಹೆಣ್ಣಿನ ಅಂಡ, ಗಂಡಿನ ವೀರ್ಯ ತೆಗೆದು ಲ್ಯಾಬಿನಲ್ಲಿ ಸೇರಿಸಿ, ಮೊಳೆತ ಭ್ರೂಣವನ್ನು ಗರ್ಭಕ್ಕೆ ಬಿಡುವುದು. ಸಸಿಮಡಿಯಲ್ಲಿ ಬೆಳೆಸಿ ಆಮೇಲೆ ಗದ್ದೆಗೆ ನಾಟಿ ಮಾಡುತ್ತೀರಲ್ಲ, ಹಾಗೇ ಎಂದೆ.

“ಹಂಗಾರ ಭತ್ತ ಹಚ್ಚಿದಂಗ ಅನ್ನವಾ,” ಫಕೀರವ್ವ ನಕ್ಕಳು. “ಹೊಲ ಬರಡಿದ್ರೂ ನಡೀತೈತೇನು?”

“ಬೀಜ ಛಲೋ ಇದ್ರ ಸಾಕಂತಬೇ,” ಎಂದ ಹನಮಪ್ಪ.

ವೀರ್ಯದ ಮಾದರಿಯನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಅವನು ನಾಚಿಕೆ ಎಂದು ಎದುರಿನ ಲಾಡ್ಜಿನಿಂದ ಬಾಟಲಿ ತಂದುಕೊಟ್ಟ. ಬಹಳ ಜನ ಹಾಗೆ ಮಾಡುತ್ತಾರೆ. ವರದಿ ಚೆನ್ನಾಗಿ ಬಂತು, ಲ್ಯಾಬಿನವರು ಮಾದರಿಯನ್ನು ಫ್ರೀಜ್ ಮಾಡಿಟ್ಟರು. ಎಲ್ಲ ಸರಿಹೋಯಿತು ಎಂದುಕೊಂಡೆ.

ಒಪ್ಪಿಗೆಯ ದಿನ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಬೇಕಿತ್ತು. ಹನಮಪ್ಪ ಮಾಡಿದ. ದೇವಮ್ಮ ಪೆನ್ನು ಹಿಡಿದು ಕೂತೇ ಇದ್ದಳು.

“ಅಕ್ಕಾರ, ಕೂಸಿನ ಮಾರಿ ಯಾರಂಗ ಆಗತೈತ್ರೀ?”

ನಾನು ಬಾಯಿ ತೆರೆಯುವ ಮೊದಲೇ ಹನಮಪ್ಪ ಅವಳ ಪ್ಲಾಸ್ಟರ್ ಕೈಯನ್ನು ಮೇಜಿನ ಅಂಚಿಗೆ ಜಜ್ಜಿದ. “ಸಹಿ ಮಾಡಲೇ! ಇಲ್ಲಂದ್ರ ಎರಡನೇ ಲಗ್ನಕ್ಕ ಹೆಣ್ಣು ತಯಾರೈತಿ.”

ಅವಳು ಕೂಗಿಕೊಂಡಳು. ಅವಳನ್ನು ಪಕ್ಕದ ಇಂಜೆಕ್ಷನ್ ಕೋಣೆಗೆ ಎಳೆದುಕೊಂಡು ಚಿಲಕ ಹಾಕಿದೆ. ಹೊರಗೆ ಬಾಗಿಲಿಗೆ ಒದೆ ಬೀಳುತ್ತಿತ್ತು.

“ಆ ಬಾಟ್ಲಿ ಇವ್ರದಲ್ರೀ,” ಎಂದಳು ದೇವಮ್ಮ. “ಕೊಪ್ಪಳದಾಗ ಮೊದಲ ನೋಡ್ಯಾರ, ಇವ್ರಾಗ ಏನೂ ಇಲ್ಲಂತ. ಅದು ನನ್ನ ಮೈದುನ ಬಸೂಂದು. ರಕ್ತ ಮನ್ಯಾಗ ಉಳೀಬೇಕಂತ ಅವನ ಕುತ್ತಿಗಿ ಹಿಡದು, ಬಡದು ತಗೊಂಡ್ಯಾರ. ಅತ್ತಿ ದುಡಿಯಾಕ ಮಂಗಳೂರಿಗೆ ಹೋದಾಗ ಅವ ಇನ್ನೂ ನಾಕ್ ವರ್ಷದವ. ನಾನ ಉಣಿಸಿ, ನೀರ ಎರದು, ಸಾಲಿಗೆ ಕಳಿಸೀನಿ. ನನಗ ಅವ್ವಾ ಅಂತಿದ್ದ. ಆವತ್ತಿಂದ ನನ್ನ ಮಾರಿ ನೋಡವಲ್ಲ.”

ನಾನು ಕಲಿತ ಯಾವ ವಿಡಿಯೋದಲ್ಲೂ ಇದು ಇರಲಿಲ್ಲ. ಗುರುತಿನವರ ವೀರ್ಯ ಬಳಸಲು ಕಾನೂನು ಬಿಡುವುದಿಲ್ಲ ಎಂಬುದು ಗೊತ್ತಿತ್ತು. ಅದನ್ನು ಹೇಳುವಷ್ಟರಲ್ಲಿ ಬಾಗಿಲ ಗಾಜು ಒಡೆಯಿತು. ಹೆಲ್ಮೆಟ್ಟಿನಿಂದ ಕುಟ್ಟಿದ್ದ. ಚೂರು ಸಿಡಿದು ನನ್ನ ಹಣೆ ಸೀಳಿತು. ಒಳಗೆ ಕೈ ಹಾಕಿ ಚಿಲಕ ತೆಗೆದ ಹನಮಪ್ಪ ಹೆಂಡತಿಯ ಕೂದಲು ಹಿಡಿದು ಪ್ಯಾಸೇಜಿಗೆ ಎಳೆದ.

“ಈ ಹೊಟ್ಟಿ ಇದ್ದರ ಏನು, ಹೋದರ ಏನು?” ಎನ್ನುತ್ತ ಒದ್ದ. ಫಕೀರವ್ವ ಚಪ್ಪಲಿ ಬಿಚ್ಚಿ ಬಾಯಿಗೆ ಹೊಡೆದಳು. ಸರದಿಯಲ್ಲಿ ಕೂತಿದ್ದ ಹೆಂಗಸರು ಚೀರಿದರು. ಕಾಂಪೌಂಡರ್ ಮತ್ತು ಸೆಕ್ಯುರಿಟಿ ಸೇರಿ ಹನಮಪ್ಪನನ್ನು ನೆಲಕ್ಕೆ ಒತ್ತಿ ಹಿಡಿದರು.

ಗೋಡೆ ಹಿಡಿದು ಎದ್ದ ದೇವಮ್ಮ ಬಾಯಿಯ ರಕ್ತ ಉಗುಳಿದಳು.

“ಕೂಸು ಬ್ಯಾಡ ಅಂದಿಲ್ಲ ನಾ. ಈ ಕೂಸು ಬ್ಯಾಡ.”

ಅವಳು ಹಾಗೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೇಡಂ ಆ ಮಾದರಿಯನ್ನು ನಾಶ ಮಾಡಿಸಿ, ಚಿಕಿತ್ಸೆ ನಿಲ್ಲಿಸಿ, ಪೊಲೀಸರನ್ನು ಕರೆಸಿದರು.

ಸಂಜೆ ಹಣೆಗೆ ಹೊಲಿಗೆ ಹಾಕಿಸಿಕೊಂಡು ಹೇಳಿಕೆ ಕೊಡಲು ಠಾಣೆಗೆ ಹೋದೆ. ದೇವಮ್ಮ ಬೆಂಚಿನ ಮೇಲಿದ್ದಳು. ಫಕೀರವ್ವ ಎದುರಿಗೆ ಕೂತು, “ಬಸೂ ಬರಲಿ, ಅಣ್ಣನ ಕಡೀನ ಹೇಳ್ತಾನ. ಆಮ್ಯಾಲ ನೋಡು ನಿನ್ನ ಗತಿ,” ಎಂದು ಹಲ್ಲು ಕಡಿಯುತ್ತಿದ್ದಳು.

ಬಸು ಬಂದ. ಈಗಷ್ಟೇ ಮೀಸೆ ಮೂಡಿದ ಹುಡುಗ, ಕುತ್ತಿಗೆಯ ಮೇಲೆ ಇನ್ನೂ ಮಾಸದ ಉಗುರಿನ ಗೀರು. ತಾಯಿಯನ್ನು ದಾಟಿ ನೇರ ಇನ್ಸ್‌ಪೆಕ್ಟರ್ ಮುಂದೆ ನಿಂತ.

“ನಮ್ಮಣ್ಣನ ಮ್ಯಾಲ ನಂದೂ ಒಂದು ಕಂಪ್ಲೇಂಟ್ ಬರ್ಕೋರಿ, ಸಾಹೇಬ್ರ.”

ಆಮೇಲೆ ಬೆಂಚಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ದೇವಮ್ಮ ಸೆರಗಿನಿಂದ ಒಡೆದ ತುಟಿ ಮುಚ್ಚಿಕೊಂಡಳು. ಅವನು ಆ ಸೆರಗನ್ನು ಮೆಲ್ಲಗೆ ಸರಿಸಿ ಅವಳ ಮುಖ ನೋಡಿದ.

“ನಡಿ, ಅವ್ವಾ.”

ನಾನು ಈಗಲೂ ಅದೇ ಕುರ್ಚಿಯಲ್ಲಿದ್ದೇನೆ. ಸಸಿಮಡಿ, ನಾಟಿ ಎಲ್ಲ ಈಗಲೂ ಅಷ್ಟೇ ಉತ್ಸಾಹದಿಂದ ಹೇಳುತ್ತೇನೆ. ಆದರೆ ಅದು ಆಮೇಲಿನ ಮಾತು. ಮೊದಲು ಗಂಡ, ಅತ್ತೆ ಎಲ್ಲರನ್ನೂ ಹೊರಗೆ ಕೂರಿಸಿ, ಅದೇ ಇಂಜೆಕ್ಷನ್ ಕೋಣೆಯಲ್ಲಿ ಬಾಗಿಲು ಹಾಕಿ, ಹೆಣ್ಣುಮಗಳೊಬ್ಬಳನ್ನೇ ಕೇಳುತ್ತೇನೆ: “ನಿನಗ ಬೇಕೇನವಾ?” ಬಹಳ ಜನ ತಕ್ಷಣ ಉತ್ತರಿಸುವುದಿಲ್ಲ. ಅವರು ಉತ್ತರಿಸುವ ತನಕ ಬಾಗಿಲು ತೆಗೆಯುವುದಿಲ್ಲ. ಆ ಬಾಗಿಲಿಗೆ ಈಗ ಗಾಜಿಲ್ಲ, ಗಟ್ಟಿ ಹಲಗೆ ಹಾಕಿಸಿದ್ದೇವೆ.